ಬೇಸ್‌ಮೆಂಟ್ ನೆಲಕ್ಕೆ ಡ್ರೈಕೋರ್: ತಣ್ಣನೆ ಸ್ಲ್ಯಾಬಿಗೆ ಸರಿ, ನೀರು ಬರುವ ಕಡೆ ಬೇಡ

ಡ್ರೈಕೋರ್ ಅಂದರೆ ಬೇಸ್‌ಮೆಂಟಿನ ಕಾಂಕ್ರೀಟ್ ನೆಲದ (ಸ್ಲ್ಯಾಬ್) ಮೇಲೆ ಹಾಸುವ, ಎರಡಡಿ ಉದ್ದ, ಎರಡಡಿ ಅಗಲದ ಹಲಗೆ. ಮೇಲೆ ಮರದ ಚಕ್ಕೆ ಒತ್ತಿ ಮಾಡಿದ ಓಎಸ್‌ಬಿ, ಅಡಿಯಲ್ಲಿ ಉಬ್ಬುಗಳಿರುವ ಪ್ಲಾಸ್ಟಿಕ್ ಪದರ, ಒಟ್ಟು ದಪ್ಪ ಸುಮಾರು 7/8 ಇಂಚು. ಉಬ್ಬುಗಳಿಂದಾಗಿ ಕಾಂಕ್ರೀಟಿಗೂ ಮರಕ್ಕೂ ನಡುವೆ ಸಣ್ಣ ಗಾಳಿ ಸಂದು ಉಳಿಯುತ್ತದೆ. ಅಮೆರಿಕ, ಕೆನಡಾದಲ್ಲಿ ಬೇಸ್‌ಮೆಂಟ್ ವಾಸಕ್ಕೆ ಸಜ್ಜು ಮಾಡಿಸುವವರು ಇದನ್ನು ವಾಟರ್‌ಪ್ರೂಫಿಂಗ್ ಎಂದುಕೊಂಡು ಕೊಳ್ಳುವುದುಂಟು. ಅದು ತಪ್ಪು. ಸ್ಲ್ಯಾಬಿನಿಂದ ಏಳುವ ತೇವದ ಆವಿಯನ್ನು ಇದು ಮರಕ್ಕೆ ತಾಗದಂತೆ ತಡೆಯುತ್ತದೆ, ಕಾಲಡಿಯ ಚಳಿಯನ್ನು ಒಂದಿಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ನೀರು ನುಗ್ಗಿ ನಿಂತರೆ ಓಎಸ್‌ಬಿ ಅಂಚಿನಲ್ಲಿ ಊದಿಕೊಳ್ಳುತ್ತದೆ, ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ.

ಹಾಗಾಗಿ ಕೊಳ್ಳುವ ಮೊದಲು ನೆಲ ಪರೀಕ್ಷಿಸಿ. 18 ಇಂಚು ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಎರಡು ಮೂರು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಹಾಳೆಯ ಅಡಿಯಲ್ಲಿ ಹನಿಗಟ್ಟಿದರೆ ಅಥವಾ ಕಾಂಕ್ರೀಟ್ ಕಪ್ಪಾದರೆ ತೇವ ನೆಲದಿಂದ ಬರುತ್ತಿದೆ. ಹಾಳೆಯ ಮೇಲೆ ಹನಿಗಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಂಡರೆ ಆ ದಾರಿಯಲ್ಲಿ ನೀರು ಓಡಾಡಿದೆ ಎಂದರ್ಥ. ಆಗ ಹಲಗೆಯ ಯೋಚನೆ ಬಿಟ್ಟು ಮನೆಯ ಹೊರಗೆ ನೋಡಿ. ಛಾವಣಿಯ ಅಂಚಿನ ಗಟರ್ ಕಟ್ಟಿಕೊಂಡಿದೆಯೇ, ಅದರಿಂದ ಇಳಿಯುವ ಪೈಪು ಪಾಯದ ಪಕ್ಕಕ್ಕೇ ನೀರು ಸುರಿಯುತ್ತಿದೆಯೇ, ಮೊದಲ ಹತ್ತು ಅಡಿಯಲ್ಲಿ ಮಣ್ಣು ಹೊರಕ್ಕೆ ಆರು ಇಂಚಾದರೂ ಇಳಿಜಾರಾಗಿದೆಯೇ? ಒಳಗೆ ಎಷ್ಟು ಖರ್ಚು ಮಾಡಿದರೂ ಇವಿಷ್ಟನ್ನು ಸರಿಪಡಿಸದೆ ಗತಿಯಿಲ್ಲ. ನೆಲದಿಂದ ಏಳುವ ವಿಕಿರಣಶೀಲ ಅನಿಲವಾದ ರೇಡಾನ್ ಪರೀಕ್ಷೆಯೂ ಈ ಹಂತದಲ್ಲೇ ಆಗಲಿ. ಮಟ್ಟ ಲೀಟರ್ ಗಾಳಿಗೆ 4 ಪಿಕೋಕ್ಯೂರಿ ದಾಟಿದರೆ ಅನಿಲ ಹೊರಹಾಕುವ ಪೈಪಿಗಾಗಿ ಸ್ಲ್ಯಾಬ್ ಕೊರೆಯಬೇಕಾಗಬಹುದು, ನೆಲ ಹಾಕಿದ ಮೇಲೆ ಅದು ತಲೆನೋವು.

ನೆಲ ಒಣಗಿದ್ದರೂ ಬೇಸಿಗೆಯಲ್ಲಿ ಬೂಷ್ಟು ಬರುವುದೇಕೆ? ಜುಲೈನಲ್ಲಿ ನ್ಯೂಜೆರ್ಸಿಯ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣತೆ) 70 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ದಿನಗಳಿವೆ. ಸ್ಲ್ಯಾಬ್ ಅದಕ್ಕಿಂತ ತಣ್ಣಗಿರುತ್ತದೆ. ನಮ್ಮೂರ ಅಭ್ಯಾಸದಲ್ಲಿ ‘ಸ್ವಲ್ಪ ಗಾಳಿಯಾಡಲಿ’ ಎಂದು ಕಿಟಕಿ ತೆರೆದಿರೋ, ಆ ಹಸಿ ಗಾಳಿ ಒಳಬಂದು ಕಾಂಕ್ರೀಟ್ ಬೆವರುತ್ತದೆ. ಮಳೆಗಾಲದಲ್ಲಿ ಕರಾವಳಿಯ ಮನೆಗಳ ನೆಲ ಬೆವರುವುದೂ ಹೀಗೆಯೇ. ಬೇಸಿಗೆಯಿಡೀ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರನ್ನು 50 ಪ್ರತಿಶತ ತೇವಾಂಶಕ್ಕೆ ಇಟ್ಟು, ಅದರ ಪೈಪನ್ನು ನೇರವಾಗಿ ಫ್ಲೋರ್ ಡ್ರೇನಿಗೆ ಬಿಡಿ. ಬಕೆಟ್ ತುಂಬಿದೊಡನೆ ಯಂತ್ರ ನಿಲ್ಲುತ್ತದೆ, ಊರಿಗೆ ಹೋದ ತಿಂಗಳಲ್ಲಿ ಖಾಲಿ ಮಾಡುವವರು ಯಾರು? ದಿನಕ್ಕೆ 70 ಪಿಂಟ್ ನೀರು ಹೀರುತ್ತದೆ ಎನ್ನುತ್ತಿದ್ದ ಹಳೆಯ ಯಂತ್ರಕ್ಕೂ ಈಗಿನ 50 ಪಿಂಟಿನದಕ್ಕೂ ಕೆಲಸದಲ್ಲಿ ಹೆಚ್ಚು ಅಂತರವಿಲ್ಲ. 2019ರಲ್ಲಿ ಅಮೆರಿಕದಲ್ಲಿ ಈ ಸಾಮರ್ಥ್ಯ ಅಳೆಯುವ ಉಷ್ಣತೆಯನ್ನು 80ರಿಂದ 65 ಡಿಗ್ರಿಗೆ ಇಳಿಸಿದ್ದರಿಂದ ಸಂಖ್ಯೆ ಇಳಿಯಿತು.

ಜೋಡಿಸುವ ಕೆಲಸ ಸುಲಭ, ಈ ಉತ್ಪನ್ನಕ್ಕೆ ಪೂರ್ತಿ ಅಂಕ ಸಿಗುವುದು ಅಲ್ಲಿಯೇ. ಹಲಗೆಗಳನ್ನು ಒಂದು ದಿನ ಬೇಸ್‌ಮೆಂಟಿನಲ್ಲೇ ಬಿಟ್ಟು, ನೆಲ ಗುಡಿಸಿ ವ್ಯಾಕ್ಯೂಮ್ ಮಾಡಿ ಶುರು ಮಾಡಿ. ಗೋಡೆಯ ಸುತ್ತ ಕಾಲು ಇಂಚು ಜಾಗ ಬಿಡಲೇಬೇಕು. ಓಎಸ್‌ಬಿ ತೇವಕ್ಕೆ ಹಿಗ್ಗಿದಾಗ ಜಾಗ ಸಿಗದಿದ್ದರೆ ನೆಲ ನಡುವೆ ಎದ್ದು ನಿಲ್ಲುತ್ತದೆ. ಎರಡನೆಯ ಸಾಲನ್ನು ಅರ್ಧ ಹಲಗೆಯಿಂದ ಆರಂಭಿಸಿದರೆ ನಾಲ್ಕು ಮೂಲೆ ಒಂದೆಡೆ ಸೇರುವುದಿಲ್ಲ. ನಡೆದಾಗ ಕುಣಿದರೆ ಅಡಿಯಲ್ಲಿ ತಗ್ಗಿದೆ, ಕಂಪನಿಯ ಪ್ಲಾಸ್ಟಿಕ್ ಶಿಮ್ (ತೆಳು ಬಿಲ್ಲೆ) ಕೊಟ್ಟು ಸರಿಮಾಡಿ. ಲ್ಯಾಮಿನೇಟ್ ಹಾಕಿ ಮುಗಿಸಿದ ಮೇಲೆ ಈ ಕುಣಿತ ಹೋಗಿಸಲು ನೆಲವನ್ನೇ ಕೀಳಬೇಕು. ಕತ್ತರಿಸುವ ವ್ಯರ್ಥವೂ ಸೇರಿ, ಚದರಡಿಯನ್ನು 3.3ರಿಂದ ಭಾಗಿಸಿದರೆ ಬೇಕಾದ ಹಲಗೆಗಳ ಲೆಕ್ಕ ಸಿಗುತ್ತದೆ. 500 ಚದರಡಿಗೆ ಸುಮಾರು 152. ನೆಲದಡಿಯ ನೀರು ಬಂದು ಸೇರುವ ಸಂಪ್ ಗುಂಡಿ, ಫ್ಲೋರ್ ಡ್ರೇನುಗಳನ್ನು ಮುಚ್ಚಬೇಡಿ, ತೆಗೆಯಲು ಬರುವ ಮುಚ್ಚಳ ಬಿಡಿ.

ಬೆಚ್ಚಗಿಡುವ ವಿಷಯದಲ್ಲಿ ಮಾತ್ರ ನಿರೀಕ್ಷೆ ಕಡಿಮೆ ಇರಲಿ. ಸಾದಾ ಹಲಗೆಯ ಆರ್ ಮೌಲ್ಯ, ಅಂದರೆ ಶಾಖ ದಾಟದಂತೆ ತಡೆಯುವ ಶಕ್ತಿಯ ಅಳತೆ, ಸುಮಾರು 1.4. ಎರಡಿಂಚಿನ ಗಟ್ಟಿ ಎಕ್ಸ್‌ಪಿಎಸ್ ಫೋಮ್ ಹಾಸಿ ಮೇಲೆ ಪ್ಲೈವುಡ್ ಹಾಕಿದರೆ ಫೋಮಿನದೇ ಆರ್ 10. ಚಳಿಗಾಲದಲ್ಲಿ ಅಪ್ಪ-ಅಮ್ಮ ಬಂದು ಕೆಳಗೇ ಮಲಗುತ್ತಾರೆ ಅಂದರೆ, ತಲೆಯ ಮೇಲೆ ಎತ್ತರ ಸಾಕಷ್ಟಿದ್ದರೆ, ಫೋಮಿನದೇ ಮೇಲು. ಗೋಡೆಗೂ ಅದೇ ಫೋಮ್ ಕಾಂಕ್ರೀಟಿಗೆ ನೇರ ಅಂಟಿಸಿ, ಸಂದುಗಳಿಗೆ ಟೇಪ್ ಹಾಕಿ, ಮುಂದೆ ಡ್ರೈವಾಲ್ (ಕಾಗದ ಹೊದಿಸಿದ ಜಿಪ್ಸಮ್ ಹಲಗೆ) ಬರಲಿ. ಡ್ರೈವಾಲಿನ ಕೆಳಗಂಚು ನೆಲದಿಂದ ಅರ್ಧ ಇಂಚು ಮೇಲಿರಬೇಕು, ಇಲ್ಲದಿದ್ದರೆ ಅದರ ಕಾಗದ ನೀರು ಹೀರಿಕೊಂಡು ಬೂಷ್ಟಿಗೆ ಊಟವಾಗುತ್ತದೆ.

ಅಂಗಡಿಯಲ್ಲಿ ಯಾರೂ ಹೇಳದ ಒಂದು ಸಂಗತಿ ಮೆಟ್ಟಿಲಿನದು. ಹಲಗೆ, ಲ್ಯಾಮಿನೇಟ್ ಎರಡೂ ಸೇರಿ ನೆಲ 1.3 ಇಂಚಿನಷ್ಟು ಏರುತ್ತದೆ, ಕೊನೆಯ ಮೆಟ್ಟಿಲು ಅಷ್ಟೇ ಗಿಡ್ಡವಾಗುತ್ತದೆ. ಅಮೆರಿಕದ ವಸತಿ ಕಟ್ಟಡ ನಿಯಮದ ಪ್ರಕಾರ ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 3/8 ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಇನ್‌ಸ್ಪೆಕ್ಟರ್ ಅಳತೆಪಟ್ಟಿ ಹಿಡಿದು ಬರುವ ಮೊದಲೇ ಅದನ್ನು ನೀವು ಅಳೆದು, ಮೆಟ್ಟಿಲು ಬದಲಿಸುವ ಖರ್ಚನ್ನೂ ಹಲಗೆಯ ಬಿಲ್ಲಿಗೆ ಸೇರಿಸಿ ನೋಡಿ.