ಗೌಜಲಕ್ಕಿ ಶೆಡ್ಡಿನ ಬೇಸಿಗೆ: ಒದ್ದೆ ಗೋಣಿ, ಫಾಗರ್, ಅಡಿಕೆ ಸೋಗೆ

ರಿಪ್ಪನ್‌ಪೇಟೆಯ ಸಮೀಪದ ನಮ್ಮ ಮನೆಯ ಹಿತ್ತಲಿನಲ್ಲಿ, ಪೇಟೆಯವರು ಕ್ವೇಲ್ ಎನ್ನುವ ಜಪಾನಿ ಗೌಜಲಕ್ಕಿಗಳನ್ನು ಮೊಟ್ಟೆಗಾಗಿ ಸಾಕುತ್ತಾ ಮೂರು ಬೇಸಿಗೆ ಕಳೆದಿದ್ದೇನೆ. ಮೂರಂತಸ್ತಿನ ಪಂಜರದಲ್ಲಿ 150 ಹಕ್ಕಿಗಳಿವೆ. ಶೆಡ್ಡಿನ ಮಾಡು ಸಿಮೆಂಟ್ ಶೀಟಿನದು. ಮೊದಲ ವರ್ಷ ಒದ್ದೆ ಗೋಣಿಯ ಪರದೆ ಕಟ್ಟಿದೆ, ಎರಡನೆಯ ವರ್ಷ ನೀರನ್ನು ಮಂಜಿನಂತೆ ಚಿಮ್ಮಿಸುವ ಫಾಗರ್ ತಂದೆ, ಮೂರನೆಯ ವರ್ಷ ಶೀಟಿನ ಮೇಲೆ ಅಡಿಕೆ ಸೋಗೆ ಹೊದೆಸಿದೆ. ಇನ್ನು ಮುಂದೆ ಸೋಗೆಯನ್ನು ಬಿಟ್ಟು ಬೇರೆಯದಕ್ಕೆ ನಾನು ಕೈ ಹಾಕುವುದಿಲ್ಲ. ಹೆಚ್ಚು ಹಣ ಹೋದದ್ದು ಫಾಗರಿಗೆ. ಹೆಚ್ಚು ಹಕ್ಕಿಗಳನ್ನು ಕಳೆದುಕೊಂಡದ್ದೂ ಅದೇ ವರ್ಷ.

ಸೆಕೆ ಮೊದಲು ಕಾಣಿಸಿಕೊಳ್ಳುವುದು ಮೊಟ್ಟೆಯ ಚಿಪ್ಪಿನಲ್ಲಿ. ಹಕ್ಕಿಗಳಿಗೆ ಬೆವರು ಗ್ರಂಥಿಗಳಿಲ್ಲದ ಕಾರಣ ಅವು ಬಾಯಿ ತೆರೆದು ತೇಕುವ ಮೂಲಕವೇ ಮೈಯ ಬಿಸಿಯನ್ನು ಬಹುಮಟ್ಟಿಗೆ ಹೊರಹಾಕಬೇಕು. ಹಾಗೆ ತೇಕಿದಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲದೆ ಹೋಗುತ್ತದೆ. ಕೋಳಿ ಸಾಮಾನ್ಯವಾಗಿ ಬೆಳಗಿನ ಹೊತ್ತು ಮೊಟ್ಟೆಯಿಡುವುದರಿಂದ ಅದರ ಚಿಪ್ಪು ರಾತ್ರಿಯ ತಂಪಿನಲ್ಲಿ ಗಟ್ಟಿಯಾಗುತ್ತದೆ. ಗೌಜಲಕ್ಕಿ ಹಾಗಲ್ಲ, ಅದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಸಂಜೆಯ ಹೊತ್ತಿಗೆ ಇಡುತ್ತದೆ. ಚಿಪ್ಪು ಬಲಿಯಬೇಕಾದ ಗಂಟೆಗಳೂ ಬಿಸಿಲು ನೆತ್ತಿಗೇರುವ ಗಂಟೆಗಳೂ ಹೀಗೆ ಒಂದರ ಮೇಲೊಂದು ಬೀಳುತ್ತವೆ. ಏಪ್ರಿಲ್ ತಿಂಗಳಿನಲ್ಲಿ ಮೊಟ್ಟೆಯನ್ನು ಎರಡು ಬೆರಳಿನಲ್ಲಿ ಎತ್ತಿದರೆ ಹಿಡಿದ ಜಾಗ ಒಳಕ್ಕೆ ತಗ್ಗಾಗುತ್ತಿತ್ತು.

ಗೋಣಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಮಾರ್ಚ್‌ನ ಒಣಗಾಳಿಗೆ ಅದು ಒಳ್ಳೆಯ ತಂಪು ಕೊಡುತ್ತದೆ, ಖರ್ಚೂ ಇಲ್ಲ. ಆದರೆ ಅರ್ಧ ಗಂಟೆಗೊಮ್ಮೆ ನೀರು ಹಾಕಲು ಮನೆಯಲ್ಲಿ ಒಬ್ಬರು ಇರಲೇಬೇಕು. ನಾನು ಹಗಲೆಲ್ಲ ತೋಟದಲ್ಲಿರುವವನು.

ಫಾಗರನ್ನು ಶಿವಮೊಗ್ಗದ ಅಂಗಡಿಯೊಂದರಿಂದ ಪಂಪು, ಪೈಪು, ಆರು ನಳಿಕೆಗಳ ಸಮೇತ 4,200 ರೂಪಾಯಿ ಕೊಟ್ಟು ತಂದೆ. ಮೊದಲ ವಾರ ಅದರ ಕೆಲಸ ನೋಡಿ ನಿಜಕ್ಕೂ ಸಂತೋಷಪಟ್ಟಿದ್ದೆ. ಎರಡನೆಯ ವಾರದಿಂದ ನಳಿಕೆಗಳ ಕಾಟ ಶುರುವಾಯಿತು. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಕೊಡದಲ್ಲಿ ಒಂದು ರಾತ್ರಿ ಇಟ್ಟರೆ ತಳದಲ್ಲಿ ಕೆಂಪು ಗಸಿ ನಿಲ್ಲುತ್ತದೆ. ಆ ಗಸಿ ನಳಿಕೆಯ ಕೂದಲೆಳೆಯಷ್ಟು ತೂತಿನಲ್ಲಿ ಕಟ್ಟಿಕೊಂಡಾಗ ಮಂಜು ಹೋಗಿ, ನೀರು ಒಂದೇ ಕಡೆಗೆ ಎಳೆಯಾಗಿ ಹಾರುತ್ತದೆ. ಪ್ರತಿ ಸಂಜೆ ಆರೂ ನಳಿಕೆಗಳನ್ನು ಬಿಚ್ಚಿ, ಹುಳಿನೀರಿನಲ್ಲಿ ನೆನೆಹಾಕಿ, ಸೂಜಿಯಿಂದ ಚುಚ್ಚಿ ಮತ್ತೆ ಕೂಡಿಸುತ್ತಿದ್ದೆ. ಟ್ಯಾಂಕಿಗೆ ಬಟ್ಟೆಯ ಸೋಸುವಿಕೆ ಕಟ್ಟಿದರೂ ಪ್ರಯೋಜನವಾಗಲಿಲ್ಲ.

ಅದಕ್ಕಿಂತ ಕೆಟ್ಟದ್ದು ತೊಟ್ಟಿಕ್ಕುವಿಕೆ. ಪಂಪು ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರು ಹನಿಹನಿಯಾಗಿ ಹಿಕ್ಕೆಯ ತಟ್ಟೆಗೆ ಬಿದ್ದು, ಒಣಗಿ ಉದುರಬೇಕಾದ ಹಿಕ್ಕೆ ರಾಡಿಯಾಯಿತು. ಬೆಳಿಗ್ಗೆ ಬಾಗಿಲು ತೆರೆದರೆ ಅಮೋನಿಯಾದ ಘಾಟಿಗೆ ನನ್ನ ಕಣ್ಣೇ ಉರಿಯುತ್ತಿತ್ತು. ಹಕ್ಕಿಗಳು ಅದರೊಳಗೇ ರಾತ್ರಿ ಕಳೆದಿರುತ್ತಿದ್ದವು. ಆಹಾರದ ತೊಟ್ಟಿಯ ಅಂಚಿನಲ್ಲಿ ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದ ಆಹಾರ ಹಕ್ಕಿಯ ಯಕೃತ್ತಿಗೆ ವಿಷವಾಗಬಲ್ಲದು, ಆದ್ದರಿಂದ ಎರಡು ಸಲ ತೊಟ್ಟಿ ತುಂಬ ಇದ್ದುದನ್ನು ಹೊರಗೆ ಚೆಲ್ಲಿದೆ.

ಏಪ್ರಿಲ್ ನಡುವಿನಲ್ಲಿ ಅಡ್ಡಮಳೆ ಬಂದು ಹೋದ ಮರುದಿನ ಗಾಳಿ ಅಂಟಂಟಾಗಿತ್ತು. ತೇಕುವ ಹಕ್ಕಿಯ ಬಾಯಿಯ ತೇವ ಆರಿದರೆ ಮಾತ್ರ ಅದರ ಮೈ ತಣಿಯುವುದು. ಗಾಳಿಯಲ್ಲೇ ನೀರು ತುಂಬಿರುವಾಗ ಫಾಗರ್ ಇನ್ನಷ್ಟು ನೀರನ್ನು ಅದಕ್ಕೆ ಸೇರಿಸುತ್ತದೆ. ಒಂದು ಗಂಟೆಗೆ ಕರೆಂಟ್ ಹೋಯಿತು, ಫ್ಯಾನೂ ನಿಂತಿತು. ನಾಲ್ಕು ಗಂಟೆಗೆ ನಾನು ತೋಟದಿಂದ ಬಂದಾಗ ಒಂಬತ್ತು ಹಕ್ಕಿಗಳು ಸತ್ತಿದ್ದವು. ಉಳಿದವು ರೆಕ್ಕೆಗಳನ್ನು ಮೈಯಿಂದ ಬಿಡಿಸಿಕೊಂಡು, ಕೊಕ್ಕು ತೆರೆದು, ಗಂಟಲು ಅದುರಿಸುತ್ತ ನಿಂತಿದ್ದವು. ಸತ್ತ ಒಂಬತ್ತೂ ಪಂಜರದ ಮೇಲಿನ ಸಾಲಿನವು.

ಅಲ್ಲಿಯವರೆಗೆ ನಾನು ಗಮನಿಸದೆ ಇದ್ದದ್ದು ಇದನ್ನೇ. ಮೆದು ಚಿಪ್ಪಿನ ಮೊಟ್ಟೆಗಳೂ ಮೇಲಿನ ಸಾಲಿನಿಂದಲೇ ಹೆಚ್ಚಾಗಿ ಬರುತ್ತಿದ್ದವು. ಶೀಟಿನ ಒಳಮೈಗೆ ಅಂಗೈ ಇಟ್ಟು ನೋಡಿದೆ, ಇಟ್ಟ ಕೂಡಲೇ ತೆಗೆಯಬೇಕಾಯಿತು. ಕಾದ ಶೀಟು ಕೆಳಗಿನ ಹಕ್ಕಿಗಳ ಬೆನ್ನ ಮೇಲೆ ನೇರವಾಗಿ ಝಳ ಸುರಿಯುತ್ತಿತ್ತು. ಶೆಡ್ಡಿನೊಳಗಿನ ಗಾಳಿಯನ್ನು ಎಷ್ಟು ಒದ್ದೆ ಮಾಡಿದರೂ ಆ ಝಳ ತಪ್ಪುತ್ತಿರಲಿಲ್ಲ. ಅಮ್ಮ ನೋಡಿ, “ಕೊಟ್ಟಿಗೆ ಸೋಗೆಯದ್ದಿದ್ದಾಗ ದನ ಹೀಗೆ ತೇಕ್ತಿರಲಿಲ್ಲ ಕಣೋ” ಎಂದರು.

ಮರುವರ್ಷ ಫೆಬ್ರುವರಿಯಲ್ಲೇ ತೋಟದ ಒಣ ಸೋಗೆಗಳನ್ನು ಒಟ್ಟುಮಾಡಿದೆ. ಶೀಟಿನ ಮೇಲೆ ಇಟ್ಟಿಗೆಗಳನ್ನಿಟ್ಟು, ಅವುಗಳ ಮೇಲೆ ಬಿದಿರಿನ ಗಳ ಹಾಸಿ, ಶೀಟಿಗೂ ಸೋಗೆಗೂ ನಡುವೆ ಒಂದು ಗೇಣು ಗಾಳಿಯಾಡುವಂತೆ ಎರಡು ಪದರ ಹೊದೆಸಿ, ಮೇಲೆ ಅಡಿಕೆ ದಬ್ಬೆ ಇಟ್ಟು ಹಗ್ಗದಿಂದ ಬಿಗಿದೆವು. ಆ ಗೇಣಿನ ಸಂದು ಬಹಳ ಮುಖ್ಯ. ಸೋಗೆಯನ್ನು ಶೀಟಿಗೆ ಅಂಟಿಸಿದಂತೆ ಹಾಕಿದರೆ ಬಿಸಿ ಅಲ್ಲೇ ಉಳಿಯುತ್ತದೆ. ಇಬ್ಬರ ಒಂದು ದಿನದ ಕೂಲಿ ಮತ್ತು ಹಗ್ಗ, ಇಷ್ಟೇ ಖರ್ಚು. ಹೊರಗೆ 36 ಡಿಗ್ರಿ ಇದ್ದ ಮಧ್ಯಾಹ್ನಗಳಲ್ಲಿ ಹಿಂದೆ ಮೇಲಿನ ಸಾಲಿನ ಹತ್ತಿರ 40 ದಾಟುತ್ತಿದ್ದ ಮಾಪಕ ಈಗ 35ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರೆಂಟ್ ಹೋದರೂ ನೆರಳು ಹೋಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಸೆಕೆಯಿಂದ ಒಂದು ಹಕ್ಕಿಯೂ ಸಾಯಲಿಲ್ಲ.

ಸೋಗೆಗೂ ತೊಂದರೆಗಳಿವೆ. ಬೆಂಕಿಯ ಭಯದಿಂದ ವೈರುಗಳನ್ನೆಲ್ಲ ಮಾಡಿನಿಂದ ದೂರಕ್ಕೆ ಸರಿಸಿದೆ. ಮಂಗಗಳು ಎರಡು ಸಲ ಕಿತ್ತು ಹಾಕಿದವು. ಇಲಿ ಗೂಡು ಮಾಡದಂತೆ ವಾರಕ್ಕೊಮ್ಮೆ ಏಣಿ ಹತ್ತಿ ನೋಡಬೇಕು, ಮುಂಗಾರಿಗೆ ಮುಂಚೆ ಎಲ್ಲವನ್ನೂ ಇಳಿಸಬೇಕು. ಇಳಿಸಿದ್ದು ಅಡಿಕೆ ಬುಡಕ್ಕೆ ಮುಚ್ಚಿಗೆಯಾಗುತ್ತದೆ.

ಮೂರರಲ್ಲಿ ಯಾವುದನ್ನು ಮಾಡಿದರೂ ನೀರು ಮತ್ತು ಆಹಾರದ ಕ್ರಮ ತಪ್ಪಬಾರದು. ಹಕ್ಕಿಗಳು ಕೊಕ್ಕಿನಿಂದ ಒತ್ತಿ ಕುಡಿಯುವ ನಿಪ್ಪಲ್ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನಕ್ಕೆ ಬಿಸಿಯಾಗುವುದರಿಂದ ಹನ್ನೆರಡಕ್ಕೂ ಮೂರಕ್ಕೂ ಅದನ್ನು ಹರಿಯಬಿಟ್ಟು ಹೊಸ ನೀರು ತುಂಬಿಸಲು ಅಮ್ಮನಿಗೆ ಹೇಳಿದ್ದೇನೆ. ನಸುಕಿನ ನಾಲ್ಕೂವರೆಗೇ ಬಲ್ಬು ಹಾಕಿದರೆ ಹಕ್ಕಿಗಳು ತಂಪಿನಲ್ಲಿ ಹೊಟ್ಟೆ ತುಂಬ ತಿನ್ನುತ್ತವೆ, ದಿನಕ್ಕೆ ಬೇಕಾದ 14ರಿಂದ 16 ಗಂಟೆಗಳ ಬೆಳಕೂ ಸಿಗುತ್ತದೆ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣಕ್ಕಾಗಿ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಿನಲ್ಲಿ ಇಡುತ್ತೇನೆ.

ಚಿತ್ರದುರ್ಗದ ಕಡೆಯಂಥ ಒಣ ಹವೆಯಲ್ಲಿ, ಶುದ್ಧ ನೀರೂ ಜನರೇಟರೂ ಇರುವವರು ಸಾವಿರ ಹಕ್ಕಿ ಸಾಕುವುದಾದರೆ ಫಾಗರ್ ಕೊಳ್ಳುವುದು ಸರಿಯಿರಬಹುದು. ಮನೆಯ ಹಿಂದೆ ಅಡಿಕೆ ತೋಟವಿದ್ದು, ನೂರಿನ್ನೂರು ಹಕ್ಕಿ ಇಟ್ಟುಕೊಂಡಿರುವ ಮಲೆನಾಡಿನವರು ಆ ನಾಲ್ಕು ಸಾವಿರವನ್ನು ಉಳಿಸಿಕೊಂಡು ಫೆಬ್ರುವರಿಯಲ್ಲೇ ಸೋಗೆ ಹೊದೆಸಲಿ.