ಗ್ರಂಥಾಲಯದಲ್ಲಿ ದಿನಕ್ಕೆರಡು ಗಂಟೆ: ‘ಕಲಿಕೆಯ ಜೊತೆ ಗಳಿಕೆ’ಯ ಒಂದು ವರ್ಷ

ಹಾಸನದ ಕಾಲೇಜೊಂದರ ‘ಕಲಿಕೆಯ ಜೊತೆ ಗಳಿಕೆ’ ಯೋಜನೆಯಡಿ ಕಳೆದ ಶೈಕ್ಷಣಿಕ ವರ್ಷವಿಡೀ ನಾನು ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ ಮಾಡಿದೆ. ಅರ್ಜಿ ಹಾಕುವವರು ಕೆಲಸ ಎಂಥದ್ದು ಎಂದು ವಿಚಾರಿಸುತ್ತಾರೆಯೇ ಹೊರತು ಹಣ ಯಾವಾಗ ಕೈಸೇರುತ್ತದೆ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಸಂಜೆ ನಾಲ್ಕರಿಂದ ಆರರವರೆಗೆ ಕೆಲಸ, ಗಂಟೆಗೆ 60 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 20 ದಿನ. ಒಂದು ದಿನವೂ ತಪ್ಪಿಸದಿದ್ದರೆ 2,400 ರೂಪಾಯಿ. ತರಗತಿಯ ವೇಳೆಯ ಹೊರಗೆ, ವಾರಕ್ಕೆ 20 ಗಂಟೆ ಮೀರದಂತೆ ಕೆಲಸ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾರ್ಗಸೂಚಿ ಹೇಳುತ್ತದೆ; ನಮ್ಮಲ್ಲಿ ಅದರ ಅರ್ಧದಷ್ಟೇ ಸಿಗುತ್ತಿತ್ತು. ಆಲೂರು ಕಡೆಯಿಂದ ಓಡಾಡುವ ನನ್ನಂಥವಳಿಗೆ ಇಷ್ಟಾದರೂ ಉಳಿದದ್ದು 2023ರ ಜೂನ್ 11ರಿಂದ ಜಾರಿಯಲ್ಲಿರುವ ‘ಶಕ್ತಿ’ ಯೋಜನೆಯಿಂದಾಗಿ. ಬಸ್ಸಿನ ದುಡ್ಡು ಕೈಯಿಂದ ಹಾಕಿಕೊಂಡಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಕೆಲಸ ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ವಾಪಸು ಬಂದ ಪುಸ್ತಕಗಳನ್ನು ವಿಷಯವಾರು ಕೊಡುವ ಡ್ಯೂಯಿ ದಶಮಾಂಶ ಸಂಖ್ಯೆಯ ಪ್ರಕಾರ ರ‍್ಯಾಕಿಗೆ ಸೇರಿಸುವುದು, ಬೆನ್ನಿನ ಚೀಟಿ ಕಿತ್ತುಹೋಗಿದ್ದರೆ ಹೊಸದನ್ನು ಬರೆದು ಅಂಟಿಸುವುದು, ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ದಾಖಲಿಸುವ ಆಕ್ಸೆಷನ್ ರಿಜಿಸ್ಟರಿನೊಂದಿಗೆ ತಾಳೆ ನೋಡುವುದು ನನ್ನ ಪಾಲಿಗೆ ಬಂದವು. ಕನ್ನಡ ಸಾಹಿತ್ಯಕ್ಕೆ 894.814 ಎಂಬುದು ಎರಡೇ ದಿನದಲ್ಲಿ ಬಾಯಿಪಾಠವಾಯಿತು. ಆದರೆ ದಶಮಾಂಶದ ನಂತರದ ಅಂಕಿಗಳನ್ನು ಇಡೀ ಸಂಖ್ಯೆಯಂತೆ ಓದಿ, ಒಂಬತ್ತಕ್ಕಿಂತ ಎಂಬತ್ತೇಳು ದೊಡ್ಡದಲ್ಲವೇ ಎಂದುಕೊಂಡು, ಕರ್ನಾಟಕ ಇತಿಹಾಸದ 954.87 ಅನ್ನು ಮೊದಲ ವಾರವೆಲ್ಲ 954.9ರ ನಂತರ ಜೋಡಿಸಿಟ್ಟಿದ್ದೆ. ಗ್ರಂಥಪಾಲಕರು ಬೈಯಲಿಲ್ಲ, ಆ ಸಾಲನ್ನು ಪೂರ್ತಿ ಇಳಿಸಿ ಮತ್ತೆ ನನ್ನಿಂದಲೇ ಜೋಡಿಸಿದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ತಮಗೆ ಬೇಕಾದ ಪುಸ್ತಕ ಬೇರೆಯವರ ಕೈಗೆ ಸಿಗದಿರಲೆಂದು ಅದನ್ನು ರಸಾಯನಶಾಸ್ತ್ರದ ಸಾಲಿನ ಹಿಂದೆ ಬಚ್ಚಿಡುತ್ತಾರೆ ಎಂಬುದೂ ಆಗಲೇ ಗೊತ್ತಾಯಿತು. ಆ ಜಾಗಗಳು ಈಗ ನನಗೆ ಕಣ್ಣು ಮುಚ್ಚಿದರೂ ಸಿಗುತ್ತವೆ.

ಸಂಬಳದ ವಿಷಯದಲ್ಲಿ ಇಷ್ಟು ಒಳ್ಳೆಯ ಮಾತಾಡಲಾರೆ. ಹಾಜರಿ ಪಟ್ಟಿಗೆ ಗ್ರಂಥಪಾಲಕರ ಸಹಿಯಾಗಿ, ಅದು ಪ್ರಾಂಶುಪಾಲರ ಕೊಠಡಿಗೆ ಹೋಗಿ, ಅಲ್ಲಿಂದ ಲೆಕ್ಕಪತ್ರ ವಿಭಾಗಕ್ಕೆ ಬಂದು, ಬ್ಯಾಂಕ್ ಖಾತೆಯ ಹೆಸರಿನಲ್ಲಿ ಇನಿಷಿಯಲ್ ಹೊಂದುತ್ತಿಲ್ಲವೆಂದು ಹಿಂದಿರುಗಿ, ಮತ್ತೆ ಹೊರಟು, ಕೊನೆಗೂ ಆಗಸ್ಟ್ ತಿಂಗಳ ಹಣ ನನ್ನ ಖಾತೆಗೆ ಬಂದದ್ದು ಜನವರಿಯಲ್ಲಿ. ಅಷ್ಟರೊಳಗೆ ಪರೀಕ್ಷಾ ಶುಲ್ಕದ ಕೊನೆಯ ದಿನ ಬಂದಿತ್ತು. ಅದೇ ಕಚೇರಿಯ ಪಕ್ಕದ ಕಿಟಕಿಯಲ್ಲಿ ಒಂದು ದಿನ ತಡವಾದರೂ ದಂಡ ಕಟ್ಟಬೇಕು. ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕೊಟ್ಟರು. ಸಕಲೇಶಪುರ ಕಡೆಯ ನನ್ನ ಸಹಪಾಠಿ ಕೊಯ್ಲಿನ ಕಾಲದಲ್ಲಿ ರಜೆ ಸಿಕ್ಕಾಗಲೆಲ್ಲ ಕಾಫಿ ಹಣ್ಣು ಕೊಯ್ಯಲು ತೋಟಕ್ಕೆ ಹೋಗುತ್ತಾಳೆ. ಅಲ್ಲಿ ಕೆ.ಜಿ. ಲೆಕ್ಕದ ಕೂಲಿ, ಬೆನ್ನು ನೋವು, ಜಿಗಣೆ ಎಲ್ಲವೂ ಇವೆ, ಆದರೆ ವಾರಕ್ಕೊಮ್ಮೆ ಬಟವಾಡೆ ತಪ್ಪುವುದಿಲ್ಲ. ನನ್ನದು ನೆರಳಿನ ಕೆಲಸ ಎಂದು ಹಂಗಿಸುತ್ತಿದ್ದ ಅವಳ ಹತ್ತಿರವೇ ನಾನು ಡಿಸೆಂಬರಿನಲ್ಲಿ 500 ರೂಪಾಯಿ ಕೈಗಡ ತೆಗೆದುಕೊಂಡೆ.

ಹೀಗಾಗಿ ಈ ಕೆಲಸವನ್ನು ನಂಬಿ ಶುಲ್ಕ ಕಟ್ಟುತ್ತೇನೆ ಎನ್ನುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಶುಲ್ಕಕ್ಕೆ ವಿದ್ಯಾರ್ಥಿವೇತನವೋ ಮನೆಯ ಹಣವೋ ಇದ್ದು, ಪುಸ್ತಕ, ಜೆರಾಕ್ಸ್, ಮಧ್ಯಾಹ್ನದ ಊಟಕ್ಕೆ ಒಂದಿಷ್ಟು ಬೇಕು, ಅದು ತಡವಾಗಿ ಬಂದರೂ ನಡೆಯುತ್ತದೆ ಎನ್ನುವವರು ಧಾರಾಳವಾಗಿ ಸೇರಬಹುದು. ಈ ವರ್ಷ ನಾನೂ ಮತ್ತೆ ಅರ್ಜಿ ಕೊಟ್ಟಿದ್ದೇನೆ. ಫೆಬ್ರವರಿಯ ಲೆಕ್ಕದಲ್ಲಿ ನನ್ನ ಎರಡು ದಿನ ಬಿಟ್ಟುಹೋಗಿದ್ದಾಗ ತೋರಿಸಲು ಏನೂ ಇರಲಿಲ್ಲ. ಈ ಸಲ ದಿನಾಂಕ, ಬಂದ ವೇಳೆ, ಹೋದ ವೇಳೆ ಬರೆದು ಅಲ್ಲಲ್ಲೇ ಸಹಿ ಹಾಕಿಸಿಕೊಳ್ಳಲು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ.