ಕ್ಲಾಮ್‌ಎವಿ: ಹಿಡಿದು ಕೊಡುತ್ತದೆ, ಮುಂದಿನದು ನಿಮ್ಮ ಕೆಲಸ

ನಮ್ಮದು ಡಿಟಿಪಿ, ಜೆರಾಕ್ಸ್ ಅಂಗಡಿ. ದಿನವಿಡೀ ಯಾರ್ಯಾರದೋ ಪೆನ್‌ಡ್ರೈವ್‌ಗಳು ಬರುತ್ತವೆ. ಎಲ್ಲವನ್ನೂ ಮೊದಲು ಒಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ, ಕ್ಲಾಮ್‌ಎವಿ ಎಂಬ ಆಂಟಿವೈರಸ್‌ನಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ವಿಂಡೋಸ್‌ಗೆ ಚುಚ್ಚುತ್ತೇವೆ. ಹಲವು ವರ್ಷಗಳಿಂದ ಇದೇ ರೂಢಿ.

ಇದು ಪೂರ್ತಿ ಉಚಿತ, ಓಪನ್ ಸೋರ್ಸ್. ಈಗ ಸಿಸ್ಕೋ ಕಂಪನಿಯ ಟ್ಯಾಲೋಸ್ ಎಂಬ ಭದ್ರತಾ ತಂಡ ನೋಡಿಕೊಳ್ಳುತ್ತಿದೆ. ಈಗಾಗಲೇ ಗೊತ್ತಿರುವ ಕೆಟ್ಟ ಫೈಲ್‌ಗಳ ಗುರುತಿನ ಪಟ್ಟಿ ಇಟ್ಟುಕೊಂಡು ಹೋಲಿಸಿ ನೋಡುವುದೇ ಇದರ ಮುಖ್ಯ ಕೆಲಸ. ಹೊಸ ಪಟ್ಟಿಯನ್ನು ಇದರದ್ದೇ ಫ್ರೆಶ್‌ಕ್ಲಾಮ್ ಎಂಬ ಪ್ರೋಗ್ರಾಂ ತಾನಾಗಿ ತರುತ್ತಿರುತ್ತದೆ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಹಳೇ ಶಾರ್ಟ್‌ಕಟ್ ವೈರಸ್‌ಗಳೇ. ಅವಕ್ಕೆ ಸಾಕು. ನಿನ್ನೆ ಹುಟ್ಟಿದ ವೈರಸ್ಸಿಗೆ ಇದೊಂದನ್ನೇ ನಂಬಬೇಡಿ.

ನಮ್ಮದೇ ಗುರುತು ಸೇರಿಸಬಹುದು, ಅದು ನನಗೆ ತುಂಬಾ ಇಷ್ಟ. ಫೈಲಿನ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ), ಗಾತ್ರ, ನಾವಿಟ್ಟ ಹೆಸರು, ಒಂದೇ ಸಾಲು. ಇದರದ್ದೇ ಸಿಗ್‌ಟೂಲ್ ಎಂಬ ಪ್ರೋಗ್ರಾಂ ಅದನ್ನೂ ಬರೆದುಕೊಡುತ್ತದೆ. ಫೈಲಿನಲ್ಲಿ ಒಂದು ಬೈಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ ಅನ್ನುವುದು ನೆನಪಿರಲಿ.

ಸ್ಕ್ಯಾನ್ ಮಾಡುವ ಕಮಾಂಡ್ ಆದ ಕ್ಲಾಮ್‌ಸ್ಕ್ಯಾನ್ ಅನ್ನು ಸುಮ್ನೆ ಓಡಿಸಿದರೆ ‘ಫೌಂಡ್’ ಎಂದು ತೋರಿಸುತ್ತದೆ ಅಷ್ಟೆ, ಏನನ್ನೂ ಅಳಿಸುವುದಿಲ್ಲ. ‘ರಿಮೂವ್’ ಆಯ್ಕೆ ಇದೆ, ನಾನು ಮುಟ್ಟುವುದಿಲ್ಲ. ಯಾರದೋ ಮದುವೆ ಕಾರ್ಡಿನ ಫೈಲನ್ನೇ ತಪ್ಪಾಗಿ ಹಿಡಿದರೆ ಏನು ಗತಿ? ‘ಮೂವ್’ ಕೊಟ್ಟು ಬೇರೆ ಫೋಲ್ಡರಿಗೆ ಸರಿಸಿ, ಅದರ ಹ್ಯಾಶನ್ನು ಹಲವು ಆಂಟಿವೈರಸ್‌ಗಳ ತೀರ್ಪು ತೋರಿಸುವ ವೈರಸ್‌ಟೋಟಲ್ ವೆಬ್‌ಸೈಟಿನಲ್ಲಿ ಹುಡುಕುತ್ತೇನೆ. ಹ್ಯಾಶ್ ಮಾತ್ರ. ಅಲ್ಲಿ ಅಪ್‌ಲೋಡ್ ಮಾಡಿದ ಫೈಲ್ ಬೇರೆ ಕಂಪನಿಗಳಿಗೂ ಸಿಗುತ್ತದೆ. ಗಿರಾಕಿಯ ಆಧಾರ್ ಪ್ರತಿ ಹಾಗೆ ಹೋಗಬಾರದು, ಅಲ್ವಾ?

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಈಗಿನ ಆವೃತ್ತಿಗಳಲ್ಲಿ 100 ಎಂಬಿ ದಾಟಿದ ಫೈಲನ್ನು ನೋಡದೆ ಬಿಟ್ಟುಬಿಡುತ್ತದೆ, ಆದರೂ ಪರದೆ ಮೇಲೆ ‘ಓಕೆ’ ಎಂದೇ ಬರುತ್ತದೆ! ದೊಡ್ಡ ಜಿಪ್ ಬಂದಾಗ ಇದು ಅಪಾಯ. ‘ಅಲರ್ಟ್ ಎಕ್ಸೀಡ್ಸ್ ಮ್ಯಾಕ್ಸ್’ ಎಂಬ ಆಯ್ಕೆ ಹಾಕಿಟ್ಟರೆ ಮಿತಿ ದಾಟಿದ್ದನ್ನು ಹೇಳುತ್ತದೆ. ಮೊದಲ ದಿನವೇ ಹಾಕಿಕೊಳ್ಳಿ.

ಹಿನ್ನೆಲೆಯಲ್ಲಿ ಸದಾ ಓಡುವ ಇದರ ಕ್ಲಾಮ್‌ಡಿ ಪ್ರೋಗ್ರಾಂ ಪಟ್ಟಿಯನ್ನೆಲ್ಲ ಮೆಮೊರಿಯಲ್ಲೇ ಇಡುವುದರಿಂದ 1 ಜಿಬಿಗೂ ಜಾಸ್ತಿ ರ್‍ಯಾಮ್ ತಿನ್ನುತ್ತದೆ. ಪಟ್ಟಿ ಹೊಸದಾಗುವಾಗ ಸ್ವಲ್ಪ ಹೊತ್ತು ಅದರ ಎರಡರಷ್ಟು. 4 ಜಿಬಿ ಇಲ್ಲದ ಕಂಪ್ಯೂಟರಿಗೆ ಬೇಡ.

ಇನ್‌ಸ್ಟಾಲ್ ಆದ ಮೇಲೆ ಆಂಟಿವೈರಸ್ ಪರೀಕ್ಷೆಗೆಂದೇ ಇರುವ 68 ಅಕ್ಷರಗಳ ಐಕಾರ್ ಫೈಲ್ ಕೊಟ್ಟು, ಹಿಡಿಯುತ್ತದೆಯೇ ನೋಡಿ. ಅದರಿಂದ ಏನೂ ಕೆಡುವುದಿಲ್ಲ.

ವಿಂಡೋಸ್ ಒಂದೇ ಇರುವವರಿಗೆ ನಾನಿದನ್ನು ಹೇಳುವುದಿಲ್ಲ. ಫೈಲ್ ತೆರೆಯುವಾಗಲೇ ತಡೆಯುವ ಸೌಲಭ್ಯ ಇದಕ್ಕೆ ಲಿನಕ್ಸಿನಲ್ಲಿ ಮಾತ್ರ ಇದೆ. ವಿಂಡೋಸ್‌ನ ಒಳಗೇ ಬರುವ ಡಿಫೆಂಡರ್ ಇಟ್ಟುಕೊಳ್ಳಿ.